ಐದನೇ ಕುಳಿ

ಪುಟ್ಟೀ, ನಾನು ನಿನ್ ಮಾವ. ಕೆಂಪು ಚುಕ್ಕೆ ಮಿಣಮಿಣ ಅಂತಿದೆ, ಅಂದ್ರೆ ಈ ಫೋನು ಕೇಳಿಸ್ಕೊಳ್ತಿದೆ ಅಂತ ಅಂದ್ಕೊಳ್ತೀನಿ. ನೀನು ಬೆಳಗ್ಗೆ ಕಳಿಸಿದ್ದನ್ನ ಮೊಮ್ಮಗಳು ಓದಿ ಹೇಳಿದಳು. ಸೇತುವೆ ಹತ್ರ ನಿಮ್ಮ ಕಮಿಟಿಯವರು ನಿಮ್ಮಪ್ಪನ ಹೆಸರಲ್ಲಿ ಕಲ್ಲು ನಿಲ್ಲಿಸ್ತಾರೆ, ಅದರ ಮೇಲೆ 'ದ್ರೋಹಿಯ ಬಾಯಿಗೆ ಬಲಿಯಾದ ವೀರ' ಅಂತ ಕೆತ್ತಿಸ್ತಾರೆ, ಸರಿ ಇದೆಯಾ ಮಾವ, ನೋಡಿ ಹೇಳಿ ಅಂದಿದ್ದೀಯ. ವೀರ ಅನ್ನೋದು ಸರಿ. ಬಲಿಯಾದ ಅನ್ನೋದೂ ಸರಿ. ಆ ಮೊದಲನೇ ಪದ ಇದೆಯಲ್ಲ, ಅದರ ವಿಷಯ ಮಾತಾಡಬೇಕು. ಕಲ್ಲು ಕೆತ್ತೋನಿಗೆ ಸ್ವಲ್ಪ ತಡಿ ಅಂತ ಹೇಳು.

ಉದ್ದ ಆಗತ್ತೆ. ನೀರು ಕೊಡಿ ಅಂದ್ರೆ ಬಾವಿ ತೋಡಿದವನ ಮದುವೆಯಿಂದ ಶುರು ಮಾಡೋ ಮನುಷ್ಯ ಇವನು ಅಂತ ನಿಮ್ಮತ್ತೆ ಬದುಕಿದ್ದಷ್ಟು ದಿನ ಅಂತಿದ್ದಳು. ನಿಮ್ಮಪ್ಪ ಅವಳಿಗೆ ಒಬ್ಬನೇ ತಮ್ಮ. ಊರಿಗೆಲ್ಲ ಮದ್ದಣ್ಣ, ನನಗೆ ಬಾಮೈದ. ಅವನು ಸತ್ತಾಗ ನೀನು ಆರು ವರ್ಷದವಳು, ನಿನಗೆ ನೆನಪಿರೋದು ಅವನ ಮೀಸೆ ಅಷ್ಟೇ ಇರಬೇಕು.

ಅವನು ಕ್ವಾರೀಲಿ ಬಂಡೆ ಸಿಡಿಸೋನು. ನಾನು ರಸ್ತೆ ಇಲಾಖೇಲಿ ರೋಡ್ ರೋಲರ್ ಓಡಿಸೋನು. ಅವನು ಒಡೆದ ಕಲ್ಲನ್ನ ನಾನು ಅರೆಯೋದು. "ಭಾವ, ನಾನು ಎಬ್ಬಿಸ್ತೀನಿ, ನೀವು ಮಲಗಿಸ್ತೀರ" ಅಂತಿದ್ದ. ರೋಲರ್ ಕೆಟ್ಟಾಗಲೆಲ್ಲ ನಾನು ಕ್ವಾರೀಲೇ ಬಿದ್ದಿರ್ತಿದ್ದೆ. ಅವರ ಕೆಲಸದ ರೀತಿ ನನಗೆ ಬಾಯಿಪಾಠ. ಅದನ್ನ ಮೊದಲು ಕೇಳ್ಕೋ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ.

ಬಂಡೇಲಿ ತೂತು ಕೊರೀತಾರೆ, ಅದಕ್ಕೆ ಕುಳಿ ಅನ್ನೋದು. ಮದ್ದು ತುಂಬಿ, ಬಾಯಿಗೆ ಜೇಡಿಮಣ್ಣು ಗಿಡಿದು, ಬತ್ತಿ ಹಚ್ಚಿ ಓಡಿ ಬರ್ತಾರೆ. ನಿಮ್ಮಪ್ಪ ಯಾವತ್ತೂ ಒಂದು ಸಲಕ್ಕೆ ಐದೇ ಕುಳಿ. ಕೈಗೆ ಐದು ಬೆರಳು, ಆರನೇದಕ್ಕೆ ಬೆರಳು ಸಾಲ ಕೇಳಬೇಕಾ ಅಂತಿದ್ದ. ಢಂ ಅಂದಾಗ ಒಂದು ಬೆರಳು ಮಡಿಸೋದು. ಐದೂ ಮಡಿಚಿದ ಮೇಲೇ ಜನ ಅಲುಗಾಡೋದು. ನಾಲ್ಕೇ ಆದ್ರೆ ಒಂದು ಸಿಡಿದಿಲ್ಲ ಅಂತ ಅರ್ಥ. ಆಗ ಕ್ವಾರಿಗೆ ಕ್ವಾರಿಯೇ ಉಸಿರು ಬಿಗಿ ಹಿಡಿದು ಕೂರತ್ತೆ. ಸಿಡಿಯದ ಕುಳಿನ ಬೇರೆಯವರು ಮುಟ್ಟೋ ಹಾಗಿಲ್ಲ. ತುಂಬಿದವನೇ ತೆಗೀಬೇಕು. ಒಬ್ಬನೇ ಹೋಗಬೇಕು. ಅದೂ ಮಟಮಟ ಮಧ್ಯಾಹ್ನ, ನೆರಳು ಕಾಲಡಿಗೆ ಬಂದಾಗ. ಇಲ್ಲದಿದ್ರೆ ತನ್ನ ನೆರಳೇ ಕುಳಿ ಮೇಲೆ ಬಿದ್ದು ಒಳಗಿನದು ಕಾಣಲ್ಲ.

ಇನ್ನೊಂದು. ಕುಳಿ ಮುಚ್ಚಿ ಉಳಿದ ಜೇಡಿಮಣ್ಣನ್ನ ಉಂಡೆ ಮಾಡಿ ಪಕ್ಕದ ಕಲ್ಲಿಗೆ ಅಂಟಿಸಿ, ಹೆಬ್ಬೆಟ್ಟು ಒತ್ತೋದು. ಇಲ್ಲಿ ಮದ್ದಿದೆ, ತುಂಬಿದವನು ಇಂಥವನು ಅಂತ ಗುರುತು. ಕುಳಿ ಖಾಲಿ ಆದ ಮೇಲೆ ಉಂಡೆ ಕೆರೆದು ಹಾಕೋದು. ನಿಮ್ಮಪ್ಪನ ಬಲಗೈ ಹೆಬ್ಬೆರಳು ಸುತ್ತಿಗೆ ಏಟಿಗೆ ಸೀಳಿ, ಮಧ್ಯೆ ಗೆರೆ ಬಿದ್ದಿತ್ತು. ಕಾಫಿ ಬೀಜದ ಥರ. ಸಾವಿರ ಹೆಬ್ಬೆಟ್ಟಲ್ಲೂ ನಾನು ಅದನ್ನ ಗುರುತು ಹಿಡೀತಿದ್ದೆ.

ಅವನು ಯುದ್ಧಕ್ಕೆ ಹುಟ್ಟಿದವನಲ್ಲ ಕಣೇ. ಕೋಳಿ ಕೊಯ್ಯೋಕೂ ಪಕ್ಕದ ಮನೆಯವರನ್ನ ಕೂಗ್ತಿದ್ದ. ಕ್ವಾರೀಲಿ ಬಂಡೆ ಜಾರಿ ಮೂರು ಜನ ಸತ್ತರು. ಹೆಣ ಮನೆಗೆ ಸಾಗಿಸೋಕೆ ಲಾರಿ ಕೊಡಲ್ಲ ಅಂದ ಮ್ಯಾನೇಜರು. ಜನ ಕೆಲಸ ಬಿಟ್ಟು ಹೆಣ ಇಟ್ಕೊಂಡು ಗೇಟಿನ ಮುಂದೆ ಕೂತರು. ಸಿಪಾಯಿಗಳು ಬಂದು ಕೂತವರ ಮೇಲೇ ಗುಂಡು ಹಾರಿಸಿದರು. ನಿಂತವರಿಗೆ ಹೊಡೆದ್ರೆ ಕಾಲಿಗೋ ಸೊಂಟಕ್ಕೋ ಬೀಳತ್ತೆ. ಕೂತವರಿಗೆ ಹೊಡೆದ್ರೆ ನೆಟ್ಟಗೆ ತಲೆಗೇ. ಹದಿನೇಳು ತಲೆ. ನಿಮ್ಮಪ್ಪ ಪಕ್ಕದವನ ಮಿದುಳು ಮುಖದ ಮೇಲಿಂದ ಒರೆಸ್ಕೊಂಡು, ಮದ್ದಿನ ಕೋಣೆ ಬೀಗದ ಕೈ ತಗೊಂಡು ಗುಡ್ಡ ಹತ್ತಿದ. ಅಲ್ಲಿ ಆಗಲೇ ನಲವತ್ತು ಐವತ್ತು ಜನ ಬಂದೂಕು ಹಿಡ್ಕೊಂಡಿದ್ರು. ನಾವು ಅವರನ್ನ ಗುಡ್ಡದವರು ಅಂತಿದ್ವಿ. ಸರ್ಕಾರದವರು ಏನೇನೋ ಅಂತಿದ್ರು.

ಗುಡ್ಡಕ್ಕೆ ಇದ್ದಿದ್ದು ಒಂದೇ ಮಣ್ಣು ರಸ್ತೆ. ಸೈನ್ಯದ ಲಾರಿ ಅದರಲ್ಲೇ ಬರಬೇಕು. ನಿಮ್ಮಪ್ಪ ಅದರಲ್ಲಿ ಕುಳಿ ತೋಡಿ ತುಂಬೋಕೆ ಶುರು ಮಾಡಿದ. ಮನುಷ್ಯ, ದನ, ಎತ್ತಿನ ಗಾಡಿ ಹೋದ್ರೆ ಏನೂ ಆಗಲ್ಲ, ಲಾರಿ, ಜೀಪಿನ ಭಾರ ಬಿದ್ರೆ ಮಾತ್ರ ಸಿಡಿಯೋ ಹಾಗೆ. ಹಳೇದಾಗಿ ತುಕ್ಕು ಹಿಡಿದ್ರೆ ಮಾತ್ರ ಹೇಳೋಕಾಗಲ್ಲ, ಮಗು ಕಾಲಿಟ್ಟರೂ ಹೋಯ್ತು. ಅದಕ್ಕೇ ಒಂದು ಕುಳಿ ಸಿಡಿಯದೆ ಉಳಿದ್ರೂ ತಾನೇ ಬಂದು ತೆಗೆದುಹಾಕ್ತಿದ್ದ. ನೀರಿಗೆ ಹೋಗೋ ಹೆಂಗಸರು ಅದೇ ದಾರೀಲಿ ತಾನೇ ಓಡಾಡೋದು. ಮೊದಲನೇ ತಿಂಗಳು ಆರು ಲಾರಿ ಹಾರಿದವು. ಬೇವಿನ ಮರದ ಕೊಂಬೇಲಿ ಒಬ್ಬ ಸಿಪಾಯಿಯ ತೋಳು ಗಡಿಯಾರದ ಸಮೇತ ಎರಡು ದಿನ ನೇತಾಡ್ತಿತ್ತು. ಗಡಿಯಾರ ನಡೀತಾನೇ ಇತ್ತು, ನಾನೇ ನೋಡಿದ್ದೀನಿ.

ತಡಿ, ಬೆರಳು ಜಾರತ್ತೆ ಈ ಗಾಜಿನ ಮೇಲೆ.

ಹಾಂ. ಆಗ ಒಬ್ಬ ಹೊಸ ಕ್ಯಾಪ್ಟನ್ ಬಂದ. ನಾವು ಬಿಸ್ಕತ್ತು ಅಂತ ಹೆಸರಿಟ್ಟಿದ್ವಿ. ಜೇಬಲ್ಲಿ ಯಾವಾಗಲೂ ಕ್ರೀಮ್ ಬಿಸ್ಕತ್ತು. ಬಿಡಿಸಿ, ಕ್ರೀಮ್ ನೆಕ್ಕಿ, ಬಿಸ್ಕತ್ತು ಬಿಸಾಕೋನು. ನಯವಾದ ಮಾತು. ಅವನು ಸೈನ್ಯದ ನಕ್ಷೆ ಬಿಟ್ಟು ರಸ್ತೆ ಇಲಾಖೆ ಶೆಡ್ಡಿಗೆ ಬಂದ. ರೋಲರ್ ಬೇಕು ಅಂದ. ನಮ್ಮ ವಾಚ್‌ಮನ್ ಮುದುಕ, ಮೂವತ್ತು ವರ್ಷದ ಸರ್ವೀಸು, ಗೇಟಿಗೆ ಅಡ್ಡ ನಿಂತು, "ಸಾರ್, ಆಫೀಸಿಂದ ಚೀಟಿ ತಂದಿದ್ದೀರಾ?" ಅಂದ. ಬಿಸ್ಕತ್ತು ಹೊಟ್ಟೆಗೆ ಎರಡು ಹೊಡೆದ. ಬಿದ್ದ ಮೇಲೂ ಆ ಪುಣ್ಯಾತ್ಮ ಕೀ ಗೊಂಚಲು ಬಿಡಲಿಲ್ಲ. ಮಣಿಕಟ್ಟು ತುಳಿದು ಬಿಡಿಸ್ಕೊಂಡರು. ಚೀಟಿ, ಚೀಟಿ ಅಂತಾನೇ ಸತ್ತ.

"ಡ್ರೈವರ್ ಯಾರು?"

ನನ್ನ ಹಿಂದೆ ಗೋಡೆ, ಮುಂದೆ ಅವನು. "ನಾನೇ ಸಾರ್."

"ಎಷ್ಟು ಸ್ಪೀಡ್ ಹೋಗತ್ತೆ ಇದು?"

"ನೀವು ಶೂ ಬಿಚ್ಚಿ ಮುಳ್ಳಿನ ಮೇಲೆ ನಡೆದ್ರೂ ಇದು ನಿಮ್ಮ ಹಿಂದೇನೇ ಸಾರ್."

ನಕ್ಕ. ನೋಡು, ಹೆಣ ಬಿಸಿ ಆರಿಲ್ಲ, ನಾನು ಜೋಕು ಹೊಡೀತಿದ್ದೀನಿ. ನನ್ನ ರೋಗ ಅದು. ಹೆದರಿದಷ್ಟೂ ಬಾಯಿ ಬಿಚ್ಚತ್ತೆ.

ಮಾರನೇ ಬೆಳಗ್ಗೆ ಏಳಕ್ಕೆ ಹೊರಟ್ವಿ. ಮುಂದೆ ನನ್ನ ಎಮ್ಮೆ. ರೋಲರ್‌ಗೆ ನಾನು ಎಮ್ಮೆ ಅಂತಿದ್ದೆ, ಕಪ್ಪಗೆ, ನಿಧಾನಕ್ಕೆ, ಹೇಳಿದ ಮಾತು ಕೇಳದೆ ಇರ್ತಿತ್ತು. ಐವತ್ತು ಹೆಜ್ಜೆ ಹಿಂದೆ ಕಾಲಾಳುಗಳು, ಅವರ ಹಿಂದೆ ನಾಲ್ಕು ಲಾರಿ, ಕೊನೇಲಿ ಬಿಸ್ಕತ್ತಿನ ಜೀಪು. ಮುಂದಿನ ಕಬ್ಬಿಣದ ಉರುಳೆ ಕುಳಿ ಮೇಲೆ ಹತ್ತಿ ಸಿಡಿಸಿಬಿಟ್ರೆ ಹಿಂದಿನ ಲಾರಿ ಬಚಾವು. ಡ್ರೈವರ್ ಕಥೆ ಏನು ಅಂತ ನೀನು ಕೇಳ್ತೀಯ. ಅವನು ಕೇಳಲಿಲ್ಲ.

ಕೆಳಗೆ ಯಾರ ಕೈಕೆಲಸ ಇದೆ ಅಂತ ನನಗೆ ಗೊತ್ತು. ಮೇಲೆ ಕೂತಿರೋದು ಯಾರು ಅಂತ ಅವನಿಗೆ ಗೊತ್ತಿಲ್ಲ.

ಮೊದಲನೇದು ಕ್ವಾರಿ ನೀರಿನ ತೊಟ್ಟಿ ದಾಟಿದ ಮೇಲೆ. ಎಮ್ಮೆ ಮುಂಗಾಲೆತ್ತಿ ನಿಂತು ಧೊಪ್ಪನೆ ಕೂತಿತು. ಬಲಗಿವೀಲಿ ಸೂಜಿ ತೂರಿಸಿದ ಹಾಗಾಯ್ತು, ಅವತ್ತಿಂದ ಆ ಕಿವಿ ತೀರ್ಕೊಂಡಿದೆ. ಚಡ್ಡಿ ಒದ್ದೆ. ಹಿಂದೆ ತಿರುಗಿ ನೋಡಿದ್ರೆ ಒಬ್ಬ ಸಿಪಾಯಿ ಕತ್ತು ಹಿಡ್ಕೊಂಡು ಕೂತಿದ್ದ, ಬೆರಳ ಸಂದೀಲಿ ರಕ್ತ ನಲ್ಲಿ ತಿರುಗಿಸಿದ ಹಾಗೆ ಬರ್ತಿತ್ತು. ಕಲ್ಲಿನ ಚೂರು. ಅವನನ್ನ ಪಕ್ಕಕ್ಕೆ ಎಳೆದು ಹಾಕಿ, "ನಡಿ" ಅಂದರು. ನಾನು ಎಡಗೈ ಕಿರುಬೆರಳು ಮಡಿಸಿದೆ. ಬೇಕಂತ ಅಲ್ಲ. ಕ್ವಾರಿ ಅಭ್ಯಾಸ.

ಎರಡನೇದು ಹುಣಸೆ ಮರದ ಕೆಳಗೆ. ಹವಾಲ್ದಾರನ ಮುಖದಲ್ಲಿ ಜಲ್ಲಿ ಹೊಕ್ಕಿತು, ಒಂದು ಕಣ್ಣು ಕೆನ್ನೆ ಮೇಲೆ ಬಂದು ಕೂತಿತ್ತು. ಎರಡನೇ ಬೆರಳು. ಮೂರನೇದು ಬಂದಾಗ ಸ್ಟೀರಿಂಗ್ ಚಕ್ರ ಗಿರ್ರನೆ ತಿರುಗಿ, ಮಡಿಸಿದ ಕಿರುಬೆರಳನ್ನೇ ಕಿತ್ಕೊಂಡು ಹೋಯ್ತು. ಎಣಿಸೋ ಕೈಯಿಂದಾನೇ ಕಳವು! ನಾನು ನಗ್ತಿದ್ದೆ ಪುಟ್ಟಿ, ಕಿಚಕಿಚ ಅಂತ ನಗ್ತಿದ್ದೆ. ಹುಚ್ಚು ಹತ್ತಿರ ಬಂದಾಗ ಹಾಗೇ ಆಗತ್ತೆ.

ನಾಲ್ಕನೇದು ಸೇತುವೆಗೆ ಇನ್ನೂರು ಹೆಜ್ಜೆ ಇದೆ ಅನ್ನೋವಾಗ. ಉರುಳೆ ಸೀಳಿತು, ಇಂಜಿನ್ ಬಾಯಿ ಬಿಟ್ಟಿತು, ನಾನು ಚರಂಡಿಗೆ ಬಿದ್ದೆ. ಎಮ್ಮೆ ಅಡ್ಡಡ್ಡ ಮಲಗಿ ಸತ್ತಿತು.

ಸೇತುವೆ ಬುಡದಲ್ಲಿ ಒಂದು ಚಹದಂಗಡಿ. ತಗಡಿನ ಸೂರು, ಒಂದು ಹಲಗೆ, ಒಂದು ಒಲೆ. ನಡೆಸೋನಿಗೆ ಅರ್ಧಲೋಟ ಅಂತ ಹೆಸರು. ಅವನು ಜನ್ಮದಲ್ಲಿ ಯಾರಿಗೂ ಲೋಟ ತುಂಬ ಚಹ ಕೊಟ್ಟವನಲ್ಲ. ಕೇಳಿದ್ರೆ, "ತುಂಬಿದ್ರೆ ಕೈ ಸುಡತ್ತೆ ಅಣ್ಣ, ನಿಮ್ಮ ಒಳ್ಳೇದಕ್ಕೇ" ಅಂತಿದ್ದ. ಬಡ್ಡಿಮಗ ಜಿಪುಣ, ಮನಸ್ಸು ಬಂಗಾರ. ನಾನು ಬಿದ್ದಿದ್ದು ನೋಡಿ ನೀರಿನ ಚೊಂಬು, ಒದ್ದೆ ಟವೆಲ್ಲು ಹಿಡ್ಕೊಂಡು ರಸ್ತೆ ನಡುವೆ ಓಡಿ ಬರ್ತಿದ್ದ. ಈ ಕಡೆಯಿಂದ ಮೊದಲನೇ ಲಾರಿ ಎಮ್ಮೆನ ಸುತ್ತು ಹಾಕಿ ಮುಂದೆ ನುಗ್ತಿತ್ತು. ಮೂವತ್ತು ಜನ ಸಿಪಾಯಿಗಳು ಅದರಲ್ಲಿ.

ನಾನು ಕೂಗಿದೆ. "ನಿಲ್ಲೋ ಅರ್ಧಲೋಟ! ಅಲ್ಲೇ ನಿಲ್ಲು! ನಾಲ್ಕೇ ಆಗಿರೋದು! ಐದು ಆಗಬೇಕು!"

ಅವನು ಒಂದು ಕಾಲು ಎತ್ತಿದವನು ಎತ್ತಿದ ಹಾಗೇ ನಿಂತ. ಲಾರಿನೂ ಗಕ್ಕಂತ ನಿಂತಿತು.

ಯೋಚಿಸಿ ಕೂಗಿದ್ದಲ್ಲ. ಕುಳಿ ಬಾಕಿ ಇದ್ರೆ ಕೂಗಬೇಕು, ಹದಿನೆಂಟು ವರ್ಷ ಅದನ್ನೇ ನೋಡಿದ್ದೆ. ಒಬ್ಬ ಚಹದವನನ್ನ ಉಳಿಸೋಕೆ ಹೋಗಿ, ನಮ್ಮ ವಾಚ್‌ಮನ್‌ನ ಕೊಂದವನ ಕಡೆಯ ಮೂವತ್ತು ಜನಾನೂ ಉಳಿಸಿದೆ. ಅಲ್ಲಿಗೇ ಬಾಯಿ ಮುಚ್ಚಿದ್ರೂ ಬದುಕು ಬೇರೆ ಆಗ್ತಿತ್ತು.

ಬಿಸ್ಕತ್ತು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಐದು ಅಂತ ನಿಂಗೆ ಯಾರು ಹೇಳಿದ್ದು?"

ಭಯಕ್ಕೆ ಏನೋ ಒದರಿದೆ ಸಾರ್ ಅನ್ನಬಹುದಿತ್ತು. ಎಲುಬಿಲ್ಲದ ನಾಲಿಗೆ. ನನ್ನ ಬಾಮೈದ ಅಂತ ಹೇಳಬಾರದು, ಅದೊಂದು ಮುಚ್ಚಬೇಕು ಅಂತ, ಉಳಿದಿದ್ದೆಲ್ಲ ಬಿಚ್ಚಿದೆ. "ಕ್ವಾರಿಯವರೆಲ್ಲ ಹಾಗೇ ಸಾರ್. ಐದೇ ತುಂಬೋದು. ಒಂದು ಉಳಿದ್ರೆ ಬೇರೆಯವರು ಮುಟ್ಟಲ್ಲ. ತುಂಬಿದವನೇ ಬಂದು ತೆಗೀಬೇಕು. ಮಧ್ಯಾಹ್ನ, ನೆರಳು ಕಾಲಡಿಗೆ ಬಂದಾಗ, ಒಬ್ಬನೇ..." ಅವನು ಜೇಬಿಂದ ಒಂದು ಬಿಸ್ಕತ್ತು ತೆಗೆದು ಕೊಟ್ಟ. ಕ್ರೀಮ್ ನೆಕ್ಕದೆ ಕೊಟ್ಟ. ನಾನು ತಿಂತಾ ಇನ್ನೂ ಹೇಳ್ತಿದ್ದೆ. ಜೇಡಿಮಣ್ಣಿನ ಮಾತಿಗೆ ಬರೋ ಹೊತ್ತಿಗೆ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಅದೊಂದು ಉಳೀತು. ನನ್ನ ಜಾಣತನ ಅಲ್ಲ, ಕೆಮ್ಮು.

ಅವನು ಗಡಿಯಾರ ನೋಡಿದ. ಹತ್ತೂ ಕಾಲು. "ಹಾಗಾದ್ರೆ ಬರ್ತಾನೆ" ಅಂದ.

ಸಲಾಕೆಯಿಂದ ಮೆಲ್ಲಗೆ ಚುಚ್ಚಿ ಹುಡುಕಿದರು. ಅರ್ಧಲೋಟ ನಿಂತಿದ್ದ ಜಾಗದಿಂದ ಎಂಟು ಹೆಜ್ಜೆಗೆ ಐದನೇ ಕುಳಿ ಸಿಕ್ಕಿತು. ಮುಟ್ಟಲಿಲ್ಲ. ಲಾರಿಗಳನ್ನ ಚರಂಡಿ ಬದೀಲಿ ದಾಟಿಸಿ, ಹಾರ್ನ್ ಹೊಡ್ಕೊಂಡು ಸೇತುವೆ ಆಚೆ ಕಳಿಸಿದರು, ಎಲ್ಲಾ ಹೋದರು ಅಂತ ಗುಡ್ಡಕ್ಕೆ ಕಾಣಲಿ ಅಂತ. ಜೀಪು ಚಹದಂಗಡಿ ಹಿಂದೆ. ಬಿಸ್ಕತ್ತು ಮತ್ತೆ ಐದು ಜನ, ಗುಡ್ಡಕ್ಕೆ ಕಾಣದ ಹಾಗೆ ಲಾರಿ ಮರೇಲಿ ಇಳಿದು, ರಸ್ತೆ ಕೆಳಗಿನ ಮೋರೀಲಿ. ನನ್ನನ್ನೂ ಎಳ್ಕೊಂಡು ಹೋಗಿ ಕತ್ತಿಗೆ ಬಂದೂಕು ಇಟ್ಟು ಮಲಗಿಸಿದರು. ಅರ್ಧಲೋಟನಿಗೆ, "ಒಲೆ ಹಚ್ಚು, ದಿನಾ ಹೇಗಿರ್ತೀಯೋ ಹಾಗಿರು. ನಗ್ತಾ ಇರು" ಅಂದ ಬಿಸ್ಕತ್ತು.

ಹನ್ನೆರಡು ದಾಟಿತು. ನಿಮ್ಮಪ್ಪ ಬಂದ.

ತಲೆಗೆ ಟವೆಲ್ಲು, ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಪೊರಕೆ ಕಡ್ಡಿ, ಮರದ ಸೌಟು. ಬಂದೂಕಿಲ್ಲ. ಕುಳಿ ತೆಗೆಯೋಕೆ ಹೋಗೋವಾಗ ಕಬ್ಬಿಣ ಒಯ್ಯಲ್ಲ. ಅಡುಗೆಗೆ ಹೊರಟವನ ಹಾಗಿದ್ದ. ಒಂದು ಸಿಳ್ಳೆ ಹೊಡೆದಿದ್ರೆ ಸಾಕಿತ್ತು. ಕ್ವಾರೀಲಿ ಉದ್ದ ಸಿಳ್ಳೆ ಅಂದ್ರೆ ಹಿಂದೆ ಓಡು ಅಂತ. ಕೈಯಲ್ಲಿ ಬೆರಳಿರಲಿಲ್ಲ, ಸಿಳ್ಳೆ ಹೊಡೆಯೋಕಾಗಲಿಲ್ಲ ಅಂತ ನಿಮ್ಮತ್ತೆ ಮುಂದೆ ಒಂದು ಸಲ ಹೇಳೋಣ ಅಂದ್ಕೊಂಡಿದ್ದೆ. ಸುಳ್ಳು. ಹೋಗಿದ್ದು ಎಡಗೈದು, ಬಲಗೈ ಗಟ್ಟಿಮುಟ್ಟಾಗಿತ್ತು. ಹೆದರಿದೆ. ಅಷ್ಟೇ.

ಹೆದರದವನು ಒಬ್ಬನಿದ್ದ. ಮೋರಿ ಬಾಯಿಂದ ನನಗೆ ಕಾಣ್ತಿತ್ತು. ಅರ್ಧಲೋಟ ಕೆಟಲ್ ಎತ್ತಿ, ಲೋಟಕ್ಕೆ ಅಂಚಿನ ತನಕ, ಚೆಲ್ಲೋ ಹಾಗೆ ತುಂಬಿ, ಮೇಲೆತ್ತಿ ಹಿಡಿದ. ಚಹ ಮೊಣಕೈ ತನಕ ಇಳೀತಿತ್ತು.

"ಮದ್ದಣ್ಣಾ! ಮೊದಲು ಈ ಕಡೆ ಬಾ, ಚಹ ಕುಡಿ! ತುಂಬಿದ ಲೋಟ ನೋಡು, ತುಂಬಿದ ಲೋಟ!"

ಬಿಸ್ಕತ್ತಿಗೆ ಅದು ಬರೀ ಚಹದ ಮಾತು. ನಾನು ಒಳಗೊಳಗೇ ಕೂಗ್ತಿದ್ದೆ. ನೋಡೋ, ನೋಡೋ, ಈ ಜಿಪುಣ ಲೋಟ ತುಂಬಿಸಿದ್ದಾನೆ ಅಂದ್ರೆ ಏನೋ ಎಡವಟ್ಟಾಗಿದೆ ಕಣೋ! ನಿಮ್ಮಪ್ಪ ತಿರುಗಿ ನೋಡಿ, ಆ ಮೀಸೆ ತುಂಬ ನಕ್ಕ. "ಸೂರ್ಯ ಎಲ್ಲಿ ಹುಟ್ಟಿದನಪ್ಪ ಇವತ್ತು? ಇಟ್ಟಿರು, ಒಂದು ಕೆಲಸ ಇದೆ, ಮುಗಿಸ್ಕೊಂಡು ಬಂದೆ."

ಬಾಕಿ ಕುಳಿ ಇದ್ರೆ ನಿಮ್ಮಪ್ಪನಿಗೆ ಬೇರೇನೂ ಕಾಣ್ತಿರಲಿಲ್ಲ. ಮಂಡಿಯೂರಿ ಕೂತ. ಕಡ್ಡೀಲಿ ಮಣ್ಣು ಗುಡಿಸಿದ, ನೀರು ಹನಿಸಿದ, ಸೌಟಲ್ಲಿ ಅಂಚು ಬಿಡಿಸಿದ. ಮಗು ಬಾಯಿಂದ ಬೆಲ್ಲ ತೆಗೆಯೋ ಹಾಗೆ. ಬಿಸ್ಕತ್ತು ಕೈ ಅಡ್ಡ ಹಿಡಿದು ತನ್ನವರನ್ನ ತಡೆದಿದ್ದ, ತೆಗೆಯೋ ತನಕ ತೆಗೀಲಿ, ನಮಗೇ ಒಂದು ಕೆಲಸ ಉಳೀತು ಅಂತ. ಡಬ್ಬ ಹೊರಗೆ ಬಂತು. ಪಕ್ಕದಲ್ಲಿಟ್ಟು ಕೊಡದ ನೀರೆಲ್ಲ ಸುರಿದ. ಆಮೇಲೆ ಬಲಗೈ ಎತ್ತಿ, ಐದನೇ ಬೆರಳು ಮಡಿಸಿದ.

ಮಡಿಸಿದ ಮುಷ್ಟಿ ಕೆಳಗಿಳಿಯೋಕೆ ಮುಂಚೆ ಎರಡೂ ಮಂಡಿಗೆ ಹೊಡೆದರು.

ಸ್ವಲ್ಪ ನೀರು ಕುಡೀತೀನಿ.

ಹಲಗೆ ತನಕ ಎಳ್ಕೊಂಡು ಬಂದರು. ಮಂಡಿ ಚಿಪ್ಪು ದಾರೀಲೇ ಉಳೀತು. ನನ್ನನ್ನ ಎದುರಿಗೆ ಕೂರಿಸಿದರು, ನೋಡು ನಿನ್ನ ಕ್ವಾರಿಯವನನ್ನ ಅಂತ. ನಿಮ್ಮಪ್ಪ ತಲೆ ಎತ್ತಿ ನನ್ನನ್ನ ನೋಡಿದ. ನನ್ನ ಖಾಕಿ ನೋಡಿದ, ಕೈಗೆ ಸುತ್ತಿದ್ದ ಬಟ್ಟೆ ನೋಡಿದ, ತುಟಿ ಮೇಲಿದ್ದ ಬಿಸ್ಕತ್ತಿನ ಪುಡಿ ನೋಡಿದ. ಅಷ್ಟೂ ಅರ್ಥ ಆಯ್ತು ಅವನಿಗೆ. ನನಗೆ ಗೊತ್ತು, ಆಯ್ತು.

"ಮದ್ದು ಎಲ್ಲಿಟ್ಟಿದ್ದೀರ?" ಬಿಸ್ಕತ್ತು ಬೂಟಿಂದ ಮಂಡಿ ತುಳಿದ. ನಿಮ್ಮಪ್ಪ ಕೂಗಿದ್ದು ಸೇತುವೆಗೆ ಬಡಿದು ವಾಪಸ್ ಬಂತು. ಹೇಳಲಿಲ್ಲ. ಆಗ ಬಿಸ್ಕತ್ತು ಅರ್ಧಲೋಟನ ಕತ್ತಿಗೆ ಪಿಸ್ತೂಲಿಟ್ಟು ಕೆಟಲ್ ಎತ್ತಿಸಿದ. "ಸುರಿ." ಅವನು ಅಳ್ತಾ ಅಳ್ತಾ ಕುದಿಯೋ ಚಹ ಆ ಗಾಯದ ಮೇಲೆ ಸುರಿದ. "ಅಣ್ಣಾ ಕ್ಷಮಿಸು, ಅಣ್ಣಾ ಕ್ಷಮಿಸು" ಅಂತಿದ್ದ. ನಿಮ್ಮಪ್ಪನ ಚರ್ಮ ಹಾಲಿನ ಕೆನೆ ಥರ ಸುಕ್ಕುಗಟ್ಟಿ ಜಾರಿತು. ಇದನ್ನೆಲ್ಲ ಗುಡ್ಡದ ಮೇಲಿಂದ ಅವರ ಕಾವಲಿನವರು ನೋಡ್ತಿದ್ರು. ಅವರಿಗೆ ಕಂಡಿದ್ದು ಇಷ್ಟೇ: ಚಹದವನು ಲೋಟ ಎತ್ತಿ ಕರೆದ. ಆಮೇಲೆ ಚಹದವನೇ ಸುರಿದ.

"ಹೇಳ್ತೀನಿ" ಅಂದ ನಿಮ್ಮಪ್ಪ ಕೊನೆಗೆ. "ಕ್ವಾರೀಲಿದೆ. ಮದ್ದಿನ ಕೋಣೆ ಹಿಂದಿನ ಗುಹೇಲಿ. ನಾನೇ ತೋರಿಸ್ತೀನಿ."

ಕ್ವಾರಿಗೆ ಹೋಗೋ ಕಾಲುದಾರಿ ಅಂಗಡಿ ಎಡಕ್ಕೇ ತಿರುಗೋದು. ಜೀಪು ಹಿಡಿಯುವಷ್ಟು ಅಗಲ. ನಾನು ಅದಕ್ಕೆ ಮುಖ ಮಾಡಿ ಕೂತಿದ್ದೆ. ದಾರಿ ಬಾಯಲ್ಲಿ ಒಂದು ದುಂಡು ಕಲ್ಲು. ಅದರ ಬದೀಲಿ ಒಣಗಿದ ಜೇಡಿಮಣ್ಣಿನ ಉಂಡೆ. ಉಂಡೆ ಮೇಲೆ ಹೆಬ್ಬೆಟ್ಟು. ನಡುವೆ ಕಾಫಿ ಬೀಜದ ಗೆರೆ.

ದೊಡ್ಡ ರಸ್ತೇಲಿ ಅವನು ಗುರುತು ಇಡ್ತಿರಲಿಲ್ಲ, ಸಿಪಾಯಿಗಳ ಕಣ್ಣಿಗೆ ಬೀಳತ್ತೆ. ಕ್ವಾರಿ ದಾರೀಲಿ ಓಡಾಡೋರು ನಮ್ಮವರೇ ಅಲ್ವಾ, ಅಲ್ಲಿ ಇಟ್ಟಿದ್ದ. ಆ ಕುಳಿ ದಾರಿ ಕಾಯೋಕೆ, ಯಾವಾಗಲೂ ತುಂಬಿರೋದು. ರಸ್ತೆಯ ಐದರ ಲೆಕ್ಕಕ್ಕೆ ಸೇರಿದ್ದಲ್ಲ.

ಬಿಸ್ಕತ್ತು ದಡ್ಡ ಅಲ್ಲ. "ದಾರೀಲಿ ಏನಾದ್ರೂ ಹೂತಿದ್ದೀಯಾ?"

"ಇಲ್ಲ. ಐದು ತುಂಬಿದ್ದೆ, ಐದೂ ಮುಗೀತು." ನಿಮ್ಮಪ್ಪ ನನ್ನ ಕಡೆ ಗದ್ದ ಎತ್ತಿದ. "ಬೇಕಾದ್ರೆ ಆ ಡ್ರೈವರ್ ಸಾಹೇಬ್ರನ್ನೇ ಕೇಳಿ. ನಮ್ಮ ಎಣಿಕೆ ಅವರಿಗೆ ಚೆನ್ನಾಗಿ ಗೊತ್ತಂತೆ. ಬಾಯಿ ತುಂಬ ಮಾತಾಡ್ತಾರಂತಲ್ಲ."

ಹದಿನೆಂಟು ವರ್ಷ ಭಾವ, ಭಾವ ಅಂದ ಬಾಯಿ ಪುಟ್ಟಿ. ಅವತ್ತು ಡ್ರೈವರ್ ಸಾಹೇಬ್ರೇ ಅಂತು. ಭಾವ ಅಂದಿದ್ರೆ ನನ್ನನ್ನ ಅಲ್ಲೇ ಕೊಲ್ತಿದ್ರು, ಸಂಜೆಯೊಳಗೆ ನಿಮ್ಮತ್ತೆಯನ್ನೂ, ನಿನ್ನನ್ನೂ. ಬೈದ, ಉಳಿಸಿದ, ಎರಡೂ ಒಂದೇ ಉಸಿರಲ್ಲಿ.

ಬಿಸ್ಕತ್ತು ನನ್ನ ಕಡೆ ತಿರುಗಿದ. "ಐದೇ ತಾನೇ?"

ಇಲ್ಲ ಅಂದ್ರೆ ಅವರು ಜೀಪು ಹತ್ತಲ್ಲ. ನಿಮ್ಮಪ್ಪನನ್ನ ಹಲಗೆ ಮೇಲೆ ಇನ್ನೂ ಮೂರು ದಿನ ಬಿಡಿಬಿಡಿಯಾಗಿ ಬಿಚ್ಚುತ್ತಾರೆ. ಹೌದು ಅಂದ್ರೆ ನನ್ನ ಕೈಯಾರೆ ನಾನೇ ಅವನನ್ನ ಕಳಿಸಿದ ಹಾಗೆ. ಅವನು ನನ್ನನ್ನೇ ನೋಡ್ತಿದ್ದ. ಬೆಳಗ್ಗೆಯಿಂದ ಅಷ್ಟು ಮಾತಾಡಿದವನು ನಾನು, ಎರಡು ಪದಕ್ಕೆ ಎಷ್ಟು ಹೊತ್ತು ಹಿಡೀತೋ ಗೊತ್ತಿಲ್ಲ.

"ಐದೇ ಸಾರ್. ಕ್ವಾರಿಯವ್ರ ಎಣಿಕೆ ತಪ್ಪಲ್ಲ."

ನಿಮ್ಮಪ್ಪ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ. ದಿನದ ಕೆಲಸ ಮುಗಿದ ಮೇಲೆ ಗೋಡೆಗೆ ಒರಗ್ತಿದ್ದನಲ್ಲ, ಹಾಗೆ. ಅವನನ್ನ ಹಿಂದಿನ ಸೀಟಿಗೆ ಎಸೆದರು. ಬಿಸ್ಕತ್ತು, ಡ್ರೈವರ್, ಇಬ್ಬರು ಸಿಪಾಯಿಗಳು ಹತ್ತಿದರು. ಇಬ್ಬರು ನನ್ನ ಕಾವಲಿಗೆ ಉಳಿದರು. ಜೀಪು ಆ ದುಂಡು ಕಲ್ಲು ದಾಟಿ ಒಂದು ಮಾರು ಹೋಯ್ತು.

ಒಳಗೆ ಏನುಳೀತು ಅಂತ ಹೇಳಲ್ಲ. ಅಂಗಡಿ ತಗಡಿನ ಮೇಲೆ ಒಂದು ಬೂಟು ಬಿತ್ತು, ಪಾದ ಒಳಗೇ ಇತ್ತು. ಬಿಸ್ಕತ್ತಿನ ಪುಡಿ ಬಹಳ ಹೊತ್ತು ಗಾಳೀಲಿ ಉದುರ್ತಿತ್ತು, ಅದು ಮಾತ್ರ ನಿಜ. ಉಳಿದಿಬ್ಬರಲ್ಲಿ ಒಬ್ಬ ಹೊಗೆ ಕಡೆ ಓಡಿದ. ಇನ್ನೊಬ್ಬ ವಾಂತಿ ಮಾಡಿ, ಬಾಯಿ ಒರೆಸ್ಕೊಂಡು, ಬಂದೂಕಿನ ಹಿಡಿಯಿಂದ ನನ್ನ ದವಡೆಗೆ ಹೊಡೆದ. ಏಳು ಹಲ್ಲು. ದವಡೆ ಮೂರು ಚೂರು.

ಇಲ್ಲಿಗೆ ಮುಗಿದಿದ್ರೆ ನಾನು ನಿನಗೆ ಇದನ್ನ ಎಂದೋ ಹೇಳ್ತಿದ್ದೆ.

ದವಡೆಗೆ ತಂತಿ ಬಿಗಿದು ಮನೇಲಿ ಮಲಗಿಸಿದ್ರು. ಒಂಬತ್ತನೇ ದಿನ ಹಾಡಹಗಲೇ ಗುಡ್ಡದವರು ಮೂವರು ಬಂದರು. ಮಂಚದ ಪಕ್ಕ ನಿಂತು, ಮರ್ಯಾದೆಯಿಂದಾನೇ ಕೇಳಿದರು. "ಅಣ್ಣ, ನೀವು ಅಲ್ಲೇ ಇದ್ರಿ. ಅವನು ಮಧ್ಯಾಹ್ನ ಬರ್ತಾನೆ ಅಂತ ಸೈನ್ಯಕ್ಕೆ ಯಾರೋ ಹೇಳಿದ್ದಾರೆ. ಮಾತಾಡೋಕಾಗಲ್ಲ ಅಂತ ಗೊತ್ತು. ಚಹದವನಾ?"

ಬಾಯಿ ಕಟ್ಟಿತ್ತು, ಪಾಪ ಏನು ಮಾಡ್ತಾನೆ ಅಂತ ಎಲ್ಲರೂ ಅಂದ್ಕೊಂಡರು. ತಲೆ ಕಟ್ಟಿರಲಿಲ್ಲ ಪುಟ್ಟಿ. ಒಂದು ಸಲ ಆ ಕಡೆ ಈ ಕಡೆ ಅಲ್ಲಾಡಿಸಿದ್ರೆ ಸಾಕಿತ್ತು. ನಾನು ಗೋಡೆ ನೋಡ್ದೆ. ಅವರು ಅದನ್ನೇ ಉತ್ತರ ಅಂತ ತಗೊಂಡರು. ಆಮೇಲೆ ಹೊರಟರು.

ಅರ್ಧಲೋಟನನ್ನ ಒಲೆ ಮುಂದಿಂದ ಎಬ್ಬಿಸಿ, ಕತ್ತು ಕುಯ್ದು, ಅವನ ಕೆಟಲ್ಲನ್ನೇ ಕೊರಳಿಗೆ ಕಟ್ಟಿ ಸೇತುವೆ ಕಂಬಿಗೆ ತೂಗು ಹಾಕಿದರು. ಹೆಂಡತಿ ಕಂಕುಳಲ್ಲಿ ಮಗು ಎತ್ಕೊಂಡು ಕೆಳಗೆ ನಿಂತಿದ್ದಳಂತೆ. ಮೂರು ತಿಂಗಳು ನಿಮ್ಮತ್ತೆ ನನ್ನ ಹಲ್ಲಿನ ಸಂದೀಲಿ ಚಮಚದಿಂದ ಗಂಜಿ ಕುಡಿಸಿದಳು. ಒಂದೊಂದು ಚಮಚಕ್ಕೂ ಒಂದೊಂದು ಶಾಪ. "ನನ್ನ ತಮ್ಮನ್ನ ಹಿಡ್ಕೊಟ್ಟವನ ವಂಶ ಹಾಳಾಗ" ಅಂತ. ನಾನು ನುಂಗ್ತಿದ್ದೆ. ಗಂಜಿನೂ, ಅದನ್ನೂ. ಸಾಯೋ ಹಿಂದಿನ ವಾರ ಕೇಳಿದಳು, "ಅವನು ಹೋಗೋವಾಗ ನಮ್ಮೋರು ಅಂತ ಯಾರಾದ್ರೂ ಹತ್ತಿರ ಇದ್ರಾ?" ಅಂತ. ಇರಲಿಲ್ಲ ಅಂದೆ.

ಇದ್ದೆ ಪುಟ್ಟಿ. ಎರಡು ಮಾರು ದೂರದಲ್ಲಿದ್ದೆ.

ಆ ಮಗು ಈಗ ಬಸ್ ಸ್ಟ್ಯಾಂಡ್ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಲವತ್ತು ದಾಟಿದೆ. ದ್ರೋಹಿ ಮಗ ಅಂತ ಹೆಣ್ಣು ಕೊಡಲಿಲ್ಲ, ಮನೇಲಿ ನೀರು ಮುಟ್ಟಲ್ಲ ಜನ. ಮೊಮ್ಮಗಳ ಸ್ಕೂಟರ್ ಚಕ್ರಕ್ಕೆ ಗಾಳಿ ಹಾಕಿಸೋಕೆ ನಾನು ಜೊತೆಗೆ ಹೋದ್ರೆ ಎದ್ದು ನಿಲ್ತಾನೆ, ಮದ್ದಣ್ಣನ ಭಾವ ಅಂತ. ತಲೆ ಎತ್ತಿ ನೋಡಲ್ಲ. ಅವರಪ್ಪ ಮಾಡದ ತಪ್ಪಿಗೆ ನನಗೆ ತಲೆ ತಗ್ಗಿಸ್ತಾನೆ.

ಇದನ್ನ ನೀನು ಅವನಿಗೆ ಕೇಳಿಸಬೇಡ, ಅದು ನಾನೇ ಹೋಗಿ ಹೇಳಬೇಕಾದ ಮಾತು. ನಿಮ್ಮ ಕಮಿಟಿಯವರನ್ನೂ ಕಳಿಸಬೇಡ. ಕಲ್ಲು ಕೆತ್ತೋನನ್ನ ಮಾತ್ರ ನಿಲ್ಲಿಸು. ಅರ್ಧಲೋಟನ ಮಗನ ಹತ್ರ ಟೈರ್ ಬಿಚ್ಚೋ ಕಬ್ಬಿಣದ ಪಟ್ಟಿ ಇದೆ, ಸುತ್ತಿಗೆ ಇದೆ, ಏನು ಬೇಕಾದ್ರೂ ಮಾಡಲಿ, ಆಮೇಲೆ ಅವನ ಮೇಲೆ ಯಾರೂ ಕೈ ಮಾಡಬಾರದು. ಅದಕ್ಕೇ ನಿನಗೆ ಮುಂಚೆ ಹೇಳಿದ್ದು.

ಈಗ ಹನ್ನೊಂದೂವರೆ. ಮೊಮ್ಮಗಳು ಜೊತೆಗೆ ಬರ್ತೀನಿ ಅಂತಿದ್ದಾಳೆ, ಬೇಡ ಅಂದೆ. ಕೋಲು ಊರ್ಕೊಂಡು ಹೋದ್ರೆ ಅರ್ಧ ಗಂಟೆ ದಾರಿ. ಅಷ್ಟೊತ್ತಿಗೆ ನೆರಳು ಕಾಲಡಿಗೆ ಬಂದಿರತ್ತೆ.